ಕರಿಮಣಿ ಕಾಣಿಸದ ಫೋಟೋ

ತಲ್ಲೂರಿನಿಂದ ಒಳಗೆ ಹೋಗುವ ರಸ್ತೆಯಲ್ಲಿ, ಹೈವೇ ಲಾರಿಗಳ ಸದ್ದು ಕಡಿಮೆಯಾಗಿ ಕಪ್ಪೆಗಳ ಸದ್ದು ಶುರುವಾಗುವ ಜಾಗದಲ್ಲಿ, ಎಡಗಡೆಗೆ ಒಂದು ಪಂಚಾಯ್ತಿ ಬಾವಿ ಇದೆ. ಕೆಂಪುಕಲ್ಲಿನ ಕಟ್ಟೆ. ಮನೆಮನೆಗೆ ನಲ್ಲಿ ಬಂದ ಮೇಲೆ ಅದರ ನೀರು ಸೇದುವವರಿಲ್ಲ. ಹಗ್ಗವನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಕಬ್ಬಿಣದ ರಾಟೆ ಮಾತ್ರ ಉಳಿದಿದೆ. ಮೊದಲು ನನ್ನ ಸಂಜೆ ವಾಕಿಂಗು ಆ ಬಾವಿಯವರೆಗೆ. ಈಗ ಎರಡು ಕರೆಂಟ್ ಕಂಬ ಹಿಂದೆಯೇ ತಿರುಗುತ್ತೇನೆ. ಮೊಣಕಾಲು ನೋವು ಅಂತ ಮನೆಯಲ್ಲಿ ಹೇಳಿದ್ದೇನೆ.

ಹೇಳುತ್ತೇನೆ, ಗಡಿಬಿಡಿ ಮಾಡಬೇಡಿ. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಆಚೆ ಈಚೆ ದಾಟಿಸಿ, ಸ್ವಂತ ಮಾತಿಗೆ ಪುರಸೊತ್ತಾಗದೆ ನಿವೃತ್ತನಾದವನು ನಾನು. ಈಗ ಪುರಸೊತ್ತು ಧಾರಾಳ ಇದೆ. ಕೇಳುವವರು ಸಿಕ್ಕಿದರಂತೂ ರಾತ್ರಿ ಊಟ ಬಿಟ್ಟರೂ ನಡೆಯುತ್ತದೆ.

ಇದು ಆದದ್ದು ನನ್ನ ಚಿಕ್ಕಮ್ಮನ ಮಗ ಉಮಾನಾಥನಿಗೆ. ಐವತ್ತೆರಡು ವರ್ಷದ ಗಂಡಸು, ಕುಡಿತ ಇಲ್ಲ, ಸುಳ್ಳು ಹೇಳುವ ಜಾತಿಯೂ ಅಲ್ಲ. ಹೈವೇ ಬದಿಯ ಒಂದು ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಸೆಂಟರಿನ ಹೆಸರು ಬೇಡ. ನಮ್ಮಲ್ಲಿ ಎಕ್ಸ್‌ರೇ ಅನ್ನುವವರು ಕಡಿಮೆ, ಎಲ್ಲರಿಗೂ ಅದು ಫೋಟೋ. ಹಾಗಾಗಿ ಅವನು ಫೋಟೋ ಶೆಟ್ರು, ನಾನು ಫೋನ್ ಶೆಟ್ರು.

ಎರಡು ವರ್ಷದ ಹಿಂದಿನ ಆಗಸ್ಟ್. ರಾತ್ರಿ ಹನ್ನೊಂದೂವರೆ ದಾಟಿತ್ತು. ಹೈವೇಯಲ್ಲಿ ಬೈಕಿನಿಂದ ಬಿದ್ದವನೊಬ್ಬನ ಕಾಲಿನ ಫೋಟೋ ತೆಗೆದು ಮುಗಿಸುವಾಗ ಅಷ್ಟು ಹೊತ್ತಾಯಿತು. ಉಮಾನಾಥನ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಒಂದೂವರೆ ಮೈಲಿ ತಾನೇ ಅಂತ ನಡೆದ. ಮಳೆ ಬಿಟ್ಟಿತ್ತು. ಹಲಸಿನ ಎಲೆಯಿಂದ ನೀರು ಟಪ್... ಟಪ್... ಅಂತ ಬೀಳುತ್ತಿತ್ತು.

ಬಾವಿಯ ಹತ್ತಿರ ಬರುವಾಗ, ಕಿರ್ರ್...

ಅವನು ನಿಂತ. ಸದ್ದೂ ನಿಂತಿತು.

ಎರಡು ಹೆಜ್ಜೆ ಇಟ್ಟ. ಕಿರ್ರ್... ಕಿರ್ರ್... ಹಗ್ಗವಿಲ್ಲದ ರಾಟೆ. ಗಾಳಿ ಇರಲಿಲ್ಲ.

ಆಮೇಲೆ ಕೆಮ್ಮು. ಖುಹ್, ಖುಹ್... ನಡುವೆ ಸಣ್ಣ ಸೀಟಿ ಊದಿದಂಥ ಉಸಿರು... ಮತ್ತೆ ಒಂದು ಖುಹ್.

ಉಮಾನಾಥನಿಗೆ ಆ ಕೆಮ್ಮು ಗೊತ್ತಿತ್ತು. ನನಗೂ ಗೊತ್ತು, ನಮ್ಮ ಗೇಟಿನಲ್ಲಿ ವಾರಕ್ಕೆ ಮೂರು ದಿನ ಕೇಳಿದ್ದೇನೆ. ತಿಂಗಳ ಹಿಂದೆಯೇ ನಿಂತುಹೋದ ಕೆಮ್ಮು ಅದು.

“ಹ್ವಾಯ್... ಫೋಟೋ ಶೆಟ್ರೆ...”

ಇಲ್ಲಿ ಅವನನ್ನು ಹಾಗೇ ನಿಲ್ಲಿಸಿ ಸ್ವಲ್ಪ ಹಿಂದೆ ಹೋಗಬೇಕು. ಇಲ್ಲದಿದ್ದರೆ ಅವಳು ಯಾಕೆ ಕರೆದಳು ಅಂತ ನಿಮಗೆ ತಿಳಿಯುವುದಿಲ್ಲ.

ಹಿಂದೆಲ್ಲ ಎಕ್ಸ್‌ರೇ ಅಂದರೆ ಕತ್ತಲೆ ಕೋಣೆ, ಫಿಲ್ಮನ್ನು ಕೆಮಿಕಲ್ ನೀರಲ್ಲಿ ಅದ್ದಿ ತೊಳೆದು ತಂತಿಗೆ ನೇತು ಹಾಕುವುದು. ಉಮಾನಾಥ ಕೆಲಸ ಕಲಿತದ್ದು ಹಾಗೆ. ಆಮೇಲೆ ಡಿಜಿಟಲ್ ಬಂತು. ಈಗ ತೊಳೆಯುವುದು ಕಂಪ್ಯೂಟರಿನ ಸಾಫ್ಟ್‌ವೇರು. ನಾನು ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದವನಲ್ಲವೆ, ನನಗೆ ತೋರಿಸುವುದೆಂದರೆ ಅವನಿಗೆ ಬಲು ಖುಷಿ. ಮೊದಲು ಬೀಳುವ ಚಿತ್ರ ಗಂಜಿ ತಿಳಿಯ ಹಾಗೆ ಮಸುಕಾಗಿರುತ್ತದೆ. ಅದಕ್ಕೆ ಅವನು ‘ತೊಳೆಯದ ಫೋಟೋ’ ಅನ್ನುತ್ತಿದ್ದ. ಸಾಫ್ಟ್‌ವೇರು ಅದರ ಎಲುಬಿನ ಅಂಚನ್ನು ಚೂಪು ಮಾಡುತ್ತದೆ, ಕಪ್ಪನ್ನು ಕಪ್ಪು ಮಾಡುತ್ತದೆ, ಬೇಡದ ಚುಕ್ಕೆಗಳನ್ನು ಒರೆಸಿ ತೆಗೆಯುತ್ತದೆ. ಎದೆಗೆ ಒಂದು ಸೆಟ್ಟಿಂಗು, ಕೈಕಾಲಿಗೆ ಒಂದು, ದಪ್ಪದವರಿಗೆ ಒಂದು. ಸಾಲದಿದ್ದರೆ ನಾವೇ ಹೊಸ ಸೆಟ್ಟಿಂಗು ಮಾಡಿ ನಮಗೆ ಬೇಕಾದ ಹೆಸರಿಟ್ಟು ಉಳಿಸಿಕೊಳ್ಳಬಹುದು. ಹಾಗೆ ಉಮಾನಾಥ ಹದಿನೇಳು ಮಾಡಿಟ್ಟಿದ್ದ. ನನ್ನ ಮೊಣಕಾಲಿಗೇ ಒಂದಿತ್ತು.

ಅವುಗಳಲ್ಲೊಂದರ ಹೆಸರು ‘ಕರಿಮಣಿ’.

ಎದೆಯ ಫೋಟೋ ತೆಗೆಯುವಾಗ ಕೊರಳಲ್ಲಿ ಏನೂ ಇರಬಾರದು. ಆದರೆ ನಮ್ಮ ಹೆಂಗಸರು ಕರಿಮಣಿ ಬಿಚ್ಚುತ್ತಾರೆಯೆ? ಅದರಲ್ಲೂ ಗಂಗೊಳ್ಳಿ, ಮರವಂತೆ, ಉಪ್ಪುಂದದ ಕಡೆಯಿಂದ ಬರುವವರು? ಒಬ್ಬಳು ಇವನಿಗೆ ಮುಖಕ್ಕೇ ಹೇಳಿದ್ದಳಂತೆ.

“ನಮ್ಮನೆಯವ್ರ್ ಬೋಟಂಗೆ ಇದ್ರ್. ನೀವ್ ಇಲ್ಲಿ ಮಣಿ ತೆಗಿ ಅಂತ್ರಿ. ಅಲ್ಲಿ ಅವ್ರಿಗೆ ಎಂತಾರೂ ಆರೆ ನೀವ್ ಬತ್ರಿಯಾ?”

ಅದಕ್ಕೆ ಯಾವ ಟೆಕ್ನಿಷಿಯನ್ ಉತ್ತರ ಕೊಟ್ಟಾನು? ಬೆನ್ನ ಹಿಂದೆ ಹಾಕಿಕೊಳ್ಳಿ ಅಂದರೆ ಹಾಕಿಕೊಳ್ಳುತ್ತಾರೆ, ಆದರೆ ಆ ಕಿರಣಕ್ಕೆ ಹಿಂದು ಮುಂದು ಇಲ್ಲ, ಬೆನ್ನ ಮೇಲಿನ ಮಣಿಯೂ ಚಿತ್ರಕ್ಕೆ ಬರುತ್ತದೆ. ಹಲ್ಲಲ್ಲಿ ಕಚ್ಚಿಕೊಳ್ಳಿ ಅಂದರೆ ಕೆಮ್ಮು ಬಂದು ಜಾರುತ್ತದೆ. ಎದೆಯ ಮೇಲೆಲ್ಲ ಬಿಳಿ ಚುಕ್ಕೆ. ಡಾಕ್ಟ್ರು ಊರಲ್ಲಿ ಇರುವವರಲ್ಲ, ಮೊಬೈಲಲ್ಲೇ ಫೋಟೋ ನೋಡಿ ಒಂದು ಸಾಲು ಬರೆಯುವವರು. ಅವರಿಗೆ ಸಿಟ್ಟು ಬರುತ್ತಿತ್ತು. ಇನ್ನೊಮ್ಮೆ ತೆಗಿ ಅನ್ನುವರು. ಹೆಂಗಸರು ಫೋಟೋವೇ ಬೇಡ ಅಂತ ಎದ್ದು ಹೋಗುವರು.

ಉಮಾನಾಥ ಒಂದು ವಾರ ಕೂತ. ಕರಿಮಣಿಯಷ್ಟು ಗಾತ್ರದ, ಕರಿಮಣಿಯಷ್ಟು ದುಂಡಗಿನ ಚುಕ್ಕೆಯನ್ನೆಲ್ಲ ಹುಡುಕಿ ಒರೆಸಿ, ಆ ಜಾಗಕ್ಕೆ ಅಕ್ಕಪಕ್ಕದ ಬಣ್ಣ ಬಳಿಯುವ ಸೆಟ್ಟಿಂಗು ಮಾಡಿದ. ನನಗೆ ತೋರಿಸಿದ. ಗುಂಡಿ ಒತ್ತಿದ ಕೂಡಲೇ ಮಣಿಸರ ಮಾಯ. ನಾನು ಬೆನ್ನು ತಟ್ಟಿದೆ. ಹೌದು, ನಾನೂ ತಟ್ಟಿದ್ದೇನೆ. “ನಿನ್ ತಲೆಗೆ ಮಣಿಪಾಲದಂಗೆ ಕೆಲ್ಸ ಕೊಡ್ಕ್ ಮಾರಾಯಾ” ಅಂದಿದ್ದೇನೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆಂಗಸರ ಬಾಯಲ್ಲಿ ಸುದ್ದಿ ಹೋಯಿತು. ತಲ್ಲೂರಲ್ಲಿ ಒಬ್ಬ ಶೆಟ್ಟರಿದ್ದಾರೆ, ಮಣಿ ಬಿಚ್ಚಿಸುವುದಿಲ್ಲ.

ಜಲಜ ಬಂದದ್ದು ಹಾಗೆ. ಮೀನು ಮಾರುವವಳು, ನಮ್ಮ ಮನೆಗೂ ಅವಳದ್ದೇ ಬಂಗುಡೆ. ನಾಲ್ಕು ಮುಕ್ಕಾಲು ಅಡಿಯ ಹೆಂಗಸು, ತಲೆಯ ಮೇಲಿನ ಬುಟ್ಟಿ ಅವಳಿಗಿಂತ ಅಗಲ, ಬಾಯಿ ಬುಟ್ಟಿಗಿಂತ ದೊಡ್ಡದು. ನಾನು ಮೀನಿನ ಕಿವಿ ಎತ್ತಿ ನೋಡಿದರೆ, “ಎಂತ ಫೋನ್ ಶೆಟ್ರೆ, ಅದ್ರ್ ಕೆಮಿಗೆ ಎಂತ ಹೇಳ್ತ್ರಿ, ಟ್ರಂಕ್ ಕಾಲಾ?” ಅನ್ನುವಳು. ಅಕ್ಟೋಬರಿನಲ್ಲಿ ಕೆಮ್ಮು ಹತ್ತಿ ಬಿಡದೆ ಸೆಂಟರಿಗೆ ಬಂದಳು. ಗಂಡ ಮುತ್ತ ಬೋಟಿಗೆ ಹೋಗಿದ್ದ.

“ಮಣಿ ಮಾಯ ಮಾಡ್ತ್ರಿ ಅಂಬ್ರಲೆ ಶೆಟ್ರೆ. ಹಂಗೇ ಕೆಮ್ಮೂ ಒಂಚೂರ್ ಮಾಯ ಮಾಡಿ ಕಾಂಬ.”

“ಮೊದ್ಲ್ ಮಾತ್ ನಿಲ್ಸಿ, ಉಸ್ರ್ ಎಳ್ಕಣಿ” ಅಂದ ಉಮಾನಾಥ.

ಫೋಟೋ ಬಂತು. ಗುಂಡಿ ಒತ್ತಿದ. ಕನ್ನಡಿಯಂಥ ಎದೆ. ಡಾಕ್ಟ್ರು ‘ಕ್ಲಿಯರ್’ ಅಂತ ಕಳಿಸಿದರು. ಅವಳು ಕೆಮ್ಮಿನ ಸಿರಪ್ ಹಿಡಿದುಕೊಂಡು ಮತ್ತೆ ಬುಟ್ಟಿ ಹೊತ್ತಳು.

ಜನವರಿಯಲ್ಲಿ ಉಮಾನಾಥನ ಹೆಂಡತಿ ಪ್ರಫುಲ್ಲಾಳಿಗೆ ಕೆಮ್ಮು. ದೀಪಾವಳಿಯಿಂದಲೇ ಇತ್ತು. ಸೆಂಟರಿಗೆ ಕರೆದುಕೊಂಡು ಹೋದ. ಅವಳು ಸ್ಟ್ಯಾಂಡಿನ ಎದುರು ನಿಂತು ಕೊರಳಿಗೆ ಕೈ ಹಾಕಿದಾಗ ಇವನು ನಕ್ಕು, “ಅದ್ ಇರ್ಲಿ, ಊರ್ ಹೆಂಗ್ಸರಿಗೆ ಇಲ್ಲದ್ ನಿಂಗೆಂತಕೆ” ಅಂದ. ಅವಳೂ ನಕ್ಕಳು. ಕ್ಲಿಯರ್.

ಜುಲೈಯಲ್ಲಿ ಜಲಜ ಸತ್ತಳು. ಕೊನೆಗೆ ಮಂಗಳೂರಿಗೆ ಒಯ್ದಾಗ ಎದೆಯ ಎರಡೂ ಕಡೆ ಗಂಟು ತುಂಬಿತ್ತಂತೆ, ಅಲ್ಲಿಂದ ಹದಿನೇಳೇ ದಿನ. ಉತ್ತರಕ್ರಿಯೆಯ ಕೆಲಸವೆಲ್ಲ ಮುಗಿದ ಮೇಲೆ ಮುತ್ತ ಆ ಅಕ್ಟೋಬರಿನ ಫಿಲ್ಮು ಹಿಡಿದುಕೊಂಡು ಸೆಂಟರಿಗೆ ಬಂದ. ಜಗಳಕ್ಕಲ್ಲ. ಕುರ್ಚಿಯ ತುದಿಯಲ್ಲಿ ಕೂತು, “ಇದ್ರಂಗೆ ಎಂತದೂ ಇಲ್ಲೆ ಅಂದಿದ್ರಿ ಅಲ್ದಾ ಶೆಟ್ರೆ... ಇನ್ನೊಂದ್ಸಲ ಕಾಣಿ” ಅಂದ.

ಅವನು ಹೋದ ಮೇಲೆ ಉಮಾನಾಥ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಜಲಜೆಯ ತೊಳೆಯದ ಫೋಟೋ ತೆಗೆದ. ತೊಳೆಯದ್ದು ಹತ್ತು ತಿಂಗಳು ಅದರೊಳಗೆ ಇರುತ್ತದೆ, ಆಮೇಲೆ ಜಾಗ ಸಾಲದೆಂದು ತಾನಾಗಿ ಅಳಿದು ಹೋಗುತ್ತದೆ. ಇದು ಇತ್ತು. ಕೊರಳಿನ ಎರಡೂ ಕಡೆಯಿಂದ ಮಣಿಗಳು ಸಾಲಾಗಿ ಇಳಿದು ಎದೆಯ ನಡುವೆ ಸೇರಿದ್ದವು. ಸಾಲಿನಿಂದ ದೂರ, ಬಲಗಡೆ ಪಕ್ಕೆಲುಬಿನ ಸಂದಿಯಲ್ಲಿ, ಇನ್ನೂ ಮೂರು. ಅಷ್ಟೇ ಗಾತ್ರ, ಅಷ್ಟೇ ದುಂಡಗೆ. ಆ ಮೂರಕ್ಕೆ ದಾರವಿರಲಿಲ್ಲ.

ಅವನ ಸೆಟ್ಟಿಂಗು ಮಣಿಯ ಜೊತೆ ಅವನ್ನೂ ಒರೆಸಿತ್ತು.

ಈಗ ನೀವು ಕೇಳುತ್ತೀರಿ, ಕೂಡಲೇ ಹೆಂಡತಿಯದ್ದನ್ನೂ ತೆಗೆದು ನೋಡಿದನೆ ಅಂತ. ನಾನೂ ಕೇಳಿದೆ. ನೋಡಲಿಲ್ಲ. ಇಪ್ಪತ್ತೆರಡು ದಿನ ನೋಡಲಿಲ್ಲ. ಒಂದು ಗುಂಡಿಯ ದೂರದಲ್ಲಿತ್ತು. ಬೆಳಿಗ್ಗೆ ಹೋಗಿ ಕಂಪ್ಯೂಟರ್ ಹಾಕುತ್ತಿದ್ದ, ಅವಳ ಹೆಸರಿನವರೆಗೆ ಹೋಗುತ್ತಿದ್ದ, ವಾಪಸು ಬರುತ್ತಿದ್ದ. ನೋಡದಿರುವವರೆಗೆ ಅದರಲ್ಲಿ ಏನೂ ಇಲ್ಲ, ಅಲ್ಲವೆ? ಹೊಸ ಫೋಟೋ ತೆಗೆಸಲು ಡಾಕ್ಟ್ರಿಗೆ ಯಾಕೆಂದು ಹೇಳಬೇಕು. ಹೇಳಿದರೆ ಜಲಜೆಯದ್ದೂ ಹೇಳಬೇಕು. ರಾತ್ರಿ ಪ್ರಫುಲ್ಲಾ ಕೆಮ್ಮಿದರೆ ಎದ್ದು ಫ್ಯಾನ್ ಜೋರು ಮಾಡಿ ಮಲಗುತ್ತಿದ್ದನಂತೆ. ಸೆಕೆ ಅಲ್ಲ... ಕೇಳಬಾರದೆಂದು.

ಹಾಂ, ಬಾವಿ.

“ಹ್ವಾಯ್... ಫೋಟೋ ಶೆಟ್ರೆ...”

ಅವನು ತಿರುಗಿ ನೋಡಲಿಲ್ಲ. ಕುತ್ತಿಗೆ ತಿರುಗಲೇ ಇಲ್ಲ ಅನ್ನುತ್ತಾನೆ.

“ಬೀಗದ್ ಕೈ ಇತ್ತಾ?”

“...ಇತ್ತ್.”

“ಹಂಗಾರೆ ಹೋಪ.”

ಬಂದ ದಾರಿಯಲ್ಲೇ ಹೊರಟ. ಕಾಲು ಅದರಷ್ಟಕ್ಕೆ ನಡೆಯಿತು. ಹಿಂದೆ ಸದ್ದು. ಚಪ್ಪಲಿಯದ್ದಲ್ಲ. ಒದ್ದೆ ಪಾದವನ್ನು ಟಾರು ರಸ್ತೆಯಿಂದ ಎತ್ತುವಾಗ ಆಗುವಂಥದ್ದು, ಚಪಕ್... ಚಪಕ್... ಇವನು ಬೇಗ ನಡೆದರೂ ಅದು ಬೇಗ ಆಗಲಿಲ್ಲ. ಹಿಂದೆಯೂ ಬೀಳಲಿಲ್ಲ.

ಸೆಂಟರಿನ ಬಾಗಿಲಲ್ಲಿ ವಾಚ್‌ಮನ್ ಸೂರ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಕಣ್ಣು ಬಿಟ್ಟು, “ಎಂತ ಶೆಟ್ರೆ, ಎಂತಾರೂ ಬಿಟ್ಟ್ ಹೋದ್ರಿಯಾ?” ಅಂದ. ಆಮೇಲೆ ಕಾಲು ಮಡಚಿಕೊಂಡ, ಯಾರಿಗೋ ದಾರಿ ಬಿಡುವವನ ಹಾಗೆ. ಮರುದಿನ ನಾನೇ ಕೇಳಿದೆ, ಯಾರಿಗೆ ದಾರಿ ಬಿಟ್ಟೆ ಮಾರಾಯ ಅಂತ. “ಯಾರೂ ಇಲ್ಲೆ ಶೆಟ್ರೆ, ಆರೆ ಕಾಲಿಗೆ ಥಂಡಿ ತಾಗಿತ್” ಅಂದ.

ಒಳಗೆ ಉಮಾನಾಥ ಮೆಷಿನ್ ಹಾಕಿದ. ಪೀಂ... ಪೀಂ... ಎರಡು ಸಲ ಕೂಗಿ ಅದು ಬಿಸಿಯಾಗತೊಡಗಿತು. ತೆಗೆಯುವವನು ನಿಲ್ಲುವುದು ದಪ್ಪ ಗಾಜಿನ ಹಿಂದೆ. ಗಾಜಿನಾಚೆ ಲೈಟ್ ಹಾಕಿರಲಿಲ್ಲ. ಸ್ಟ್ಯಾಂಡಿನ ಹತ್ತಿರ ಕತ್ತಲೆ ಸ್ವಲ್ಪ ದಪ್ಪ ಇತ್ತು, ಅಷ್ಟೇ.

“ಈಗ ಮಣಿ ತೆಗ್ದಿದೆ, ಕಾಣಿ.”

ಸ್ಟೀಲಿನ ಟ್ರೇಯ ಮೇಲೆ ಸದ್ದಾಯಿತು. ಚರ್ರ್... ಕೊನೆಗೆ ಒಂದು ಟಿಣ್. ದಿನಕ್ಕೆ ಎಷ್ಟೋ ಸರ, ಸರಪಳಿ ಆ ಟ್ರೇಗೆ ಬೀಳುವುದನ್ನು ಕೇಳಿದವನಿಗೆ ಅದು ಏನಂತ ಹೇಳಿಕೊಡಬೇಕಾಗಿಲ್ಲ.

ಬಾಯಿ ಅಭ್ಯಾಸದಿಂದ ಹೇಳಿತು. “ಉಸ್ರ್ ಎಳ್ಕಣಿ... ಹಿಡ್ಕಣಿ...”

ಗುಂಡಿಯ ಮೇಲೆ ಬೆರಳಿಟ್ಟ. ಆಮೇಲೆ ಮೆಲ್ಲಗೆ,

“ಎಳ್ಕಂಬುಕೆ ಎಲ್ಲಿತ್ ಶೆಟ್ರೆ...”

ಒತ್ತಿದ. ಗುರ್ರ್... ಟಿಕ್.

ಚಿತ್ರ ಬಂತು. ಎಲುಬಿಲ್ಲ. ಹೃದಯದ ನೆರಳಿಲ್ಲ. ಯಾರೂ ನಿಲ್ಲದೆ ತೆಗೆದರೆ ಹೇಗೆ ಬರಬೇಕೋ ಹಾಗೆ ಪೂರ್ತಿ ಕಪ್ಪು. ಆ ಕಪ್ಪಿನಲ್ಲಿ, ಬಲಗಡೆ, ಮೂರು ಬಿಳಿ ಚುಕ್ಕೆ.

“ಅಳ್ಸಿ ಕಾಂಬ” ಅಂದಳು. ಧ್ವನಿ ಈಗ ಗಾಜಿನ ಈಚೆ ಇತ್ತು. ಬೆನ್ನ ಹಿಂದೆ.

ಅವನು ‘ಕರಿಮಣಿ’ ಒತ್ತಿದ. ಚುಕ್ಕೆ ಹೋಗಲಿಲ್ಲ. ಮತ್ತೆ ಒತ್ತಿದ. ಮತ್ತೆ. ಟಕ್, ಟಕ್, ಟಕ್.

“ಸಾಕ್, ಬಿಡಿ. ಇನ್ ಶೆಡ್ತಿಯಕ್ಕಂದ್ ತೆಗಿನಿ.”

“ಬೇಡ ಜಲಜಕ್ಕ...”

“ನಂಗ್ ಕಾಂಬುಕಲ್ಲ. ನೀವ್ ಕಾಣ್ಕ್.”

ತೆಗೆದ. ಪ್ರಫುಲ್ಲಾಳ ಹೆಸರು, ವಯಸ್ಸು ನಲವತ್ತಾರು, ಜನವರಿಯ ತಾರೀಕು. ತೊಳೆಯದ್ದು. ಮಸುಕು ಎದೆಯ ಮೇಲೆ ಮಣಿಗಳ ಎರಡೆಳೆ ಸಾಲು, ಅವನೇ ಕಟ್ಟಿದ್ದು. ಎಡಗಡೆ, ಹೆಗಲೆಲುಬಿನ ಕೆಳಗೆ, ಸಾಲಿನಿಂದ ಹೊರಗೆ... ಒಂದು. ಒಂದೇ. ಹುರುಳಿಕಾಳಿನಷ್ಟು.

ಅವನು ಕೇಳಿದನಂತೆ. ಯಾರಲ್ಲಿ ಕೇಳುತ್ತಿದ್ದೇನೆಂಬುದೂ ಮರೆತು, “ಉಳಿತ್ಳಾ?” ಅಂತ.

ಖುಹ್... ಖುಹ್...

“ಅದ್ ಫೋಟೋದಂಗೆ ಕಾಂತಿಲ್ಲೆ ಶೆಟ್ರೆ.”

ತಿರುಗಿ ನೋಡಿದಾಗ ಯಾರೂ ಇರಲಿಲ್ಲ. ಟ್ರೇಯಲ್ಲೂ ಏನೂ ಇರಲಿಲ್ಲ. ಆ ಕಪ್ಪು ಚಿತ್ರ ಮಾತ್ರ ಪಟ್ಟಿಯಲ್ಲಿತ್ತು. ಹೆಸರಿನ ಜಾಗ ಖಾಲಿ, ಸಮಯ ಹನ್ನೆರಡು ಐವತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮರುದಿನ ಬೆಳಿಗ್ಗೆ, ಇದೇ ಕನ್ನಡಕ ಹಾಕಿಕೊಂಡು.

ಬೆಳಿಗ್ಗೆ ಅವನು ಬಂದದ್ದು ನಮ್ಮ ಮನೆಗೆ. ಕಾರು ನನ್ನದಲ್ಲವೆ. ಮೊದಲು ಸೆಂಟರಿಗೆ ಕರೆದೊಯ್ದು ನನಗೆ ಆ ಚಿತ್ರ ತೋರಿಸಿದ, ಆಮೇಲೆ ಪ್ರಫುಲ್ಲಾಳನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಹೋದೆವು. ಅಲ್ಲಿ ಸ್ಕ್ಯಾನಿನ ಮೇಲೆ ಸ್ಕ್ಯಾನು. ಈಗ ಒಂದಲ್ಲ. ಡಾಕ್ಟ್ರು ಎಣಿಸಲೂ ಹೋಗಲಿಲ್ಲ. ಇನ್ನೂ ಹುಡುಗ ಪ್ರಾಯದ ಡಾಕ್ಟ್ರು, ಒಳ್ಳೆಯವರು. ಫೈಲು ಮಡಚಿ, ಏಳೆಂಟು ತಿಂಗಳ ಮೊದಲು ಬಂದಿದ್ದರೆ ಒಂದು ಆಪರೇಷನ್ ಮಾಡಿ ನೋಡಬಹುದಿತ್ತು, ಆಗ ಎಕ್ಸ್‌ರೇ ಏನಾದರೂ ತೆಗೆಸಿದ್ದಿರಾ ಅಂತ ಕೇಳಿದರು.

ಉಮಾನಾಥ ಬಾಯಿ ತೆರೆಯುವ ಮೊದಲೇ ಪ್ರಫುಲ್ಲಾ ಹೇಳಿದಳು. “ತೆಗ್ಸಿತ್ ಸರ್. ನಮ್ಮನೆಯವ್ರೇ ತೆಗ್ದದ್. ಆಗ ಎಂತದೂ ಇರ್ಲಿಲ್ಲ.” ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಗಂಡನ ಕೆಲಸದ ಹೆಮ್ಮೆ.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ.

ವಾಪಸು ಬರುವಾಗ ಸಾಸ್ತಾನದ ಟೋಲಿನಲ್ಲಿ ದೊಡ್ಡ ಸಾಲು. ಮುಂದೊಂದು ಮೀನಿನ ಲಾರಿ, ಅದರಿಂದ ನೀರು ಸುರಿಯುತ್ತಿತ್ತು. ಉಮಾನಾಥ ಅಲ್ಲಿ ಹೇಳಿದ. ಎಲ್ಲವನ್ನೂ. ಜಲಜ, ಮುತ್ತ, ಸೆಟ್ಟಿಂಗು, ಇಪ್ಪತ್ತೆರಡು ದಿನ. ಪ್ರಫುಲ್ಲಾ ಹಿಂದಿನ ಸೀಟಿನಲ್ಲಿದ್ದಳು. ನನಗೆ ಕನ್ನಡಿಯಲ್ಲಿ ಅವಳ ಕೈ ಕಾಣುತ್ತಿತ್ತು. ಕರಿಮಣಿಯನ್ನು ಹಿಡಿದುಕೊಂಡಿತ್ತು.

“ನಾನ್ ತೆಗುಕೆ ಹೊರಟಿದ್ನಲೆ...” ಅಂದಳು. “ಬೇಡ ಅಂದದ್ ನೀವ್.”

ಲಾರಿ ಮುಂದೆ ಹೋಯಿತು. ಹಿಂದಿನವನು ಹಾರ್ನ್ ಹಾಕಿದ. ಅಲ್ಲಿಂದ ಮನೆಯವರೆಗೆ ಅವಳು ಇನ್ನೊಂದೇ ಮಾತು ಆಡಿದ್ದು. ತಲ್ಲೂರಿನ ಅಂಗಡಿ ಬಂದಾಗ, “ಭಾವ, ಒಂಚೂರ್ ನಿಲ್ಸಿ, ಹಾಲ್ ತಕಂಬುಕಿತ್.”

ಅವನು ಸೆಂಟರಿನ ಡಾಕ್ಟ್ರಿಗೂ ಹೇಳಿದ. ಯಜಮಾನರಿಗೂ ಹೇಳಿದ. ಅವರು ಸೆಟ್ಟಿಂಗು ಅಳಿಸಿದರು, ಅವನನ್ನು ಮನೆಗೆ ಕಳಿಸಿದರು, ಮಾತು ಹೊರಗೆ ಹೋಗಬಾರದು ಅಂದರು. ಹೋಗುವ ಮೊದಲು ಅವನು ಆ ಸೆಟ್ಟಿಂಗಿನಲ್ಲಿ ಫೋಟೋ ತೆಗೆಸಿದ ಹೆಂಗಸರ ಹೆಸರು ಬರೆದುಕೊಂಡಿದ್ದ. ಮುನ್ನೂರರ ಮೇಲಿತ್ತು. ಅದರಲ್ಲಿ ಮುಕ್ಕಾಲು ಪಾಲು ಹತ್ತು ತಿಂಗಳು ದಾಟಿದ್ದು, ತೊಳೆಯದ್ದು ಅಳಿದು ಹೋಗಿತ್ತು, ನೋಡಲು ಏನೂ ಇಲ್ಲ. ಊರು ಗೊತ್ತು, ಮನೆ ಗೊತ್ತಿಲ್ಲ. ಫೋನ್ ನಂಬರ್ ಕೆಲವು ಅಳಿಯನದ್ದು, ಕೆಲವು ಯಾರದ್ದೋ.

ನಾವಿಬ್ಬರು ಕಾರಿನಲ್ಲಿ ಹೊರಟೆವು. ತ್ರಾಸಿ, ನಾವುಂದ, ಉಪ್ಪುಂದ, ಆಚೆ ಕೆರಾಡಿಯವರೆಗೂ ಹೋಗಿದ್ದೇವೆ. ಇನ್ನೊಮ್ಮೆ ಫೋಟೋ ತೆಗೆಸಿ, ಮಣಿ ಬಿಚ್ಚಿ ತೆಗೆಸಿ ಅಂತ ಹೇಳಲು. ಉಪ್ಪುಂದದಲ್ಲಿ ಒಬ್ಬಳು ಅಂಗಳದಲ್ಲಿ ಒಣಮೀನು ಮಗುಚುತ್ತಾ ಇದ್ದವಳು ಕೈ ನಿಲ್ಲಿಸದೆ ಕೇಳಿದಳು.

“ಆಗ್ಳಿಕೆ ಮಣಿ ಇದ್ರೂ ಅಡ್ಡಿಲ್ಲ ಅಂದ್ರಿ. ಈಗ್ಳಿಕೆ ತೆಗಿಕ್ ಅಂತ್ರಿ. ಯಾವ್ದ್ ಸೈ?”

ನಕ್ಕಳು. ನಾವೂ ಸ್ವಲ್ಪ ನಕ್ಕೆವು. ಎದೆಯಲ್ಲಿ ಏನೂ ಇಲ್ಲ ಅಂತ ಫಿಲ್ಮು ಇರುವವರಿಗೆ, ಇರಬಹುದು ಅಂತ ಬಾಗಿಲಿಗೆ ಬಂದು ಹೇಳಿದರೆ ಯಾರು ಬರುತ್ತಾರೆ? ಅರವತ್ತು ಮನೆ ಹತ್ತಿ ಇಳಿದೆವು. ಹನ್ನೊಂದು ಜನ ತೆಗೆಸಿಕೊಂಡರು. ಎರಡು ಮನೆಯಲ್ಲಿ ನಾವು ಹೋಗುವಾಗ ಗೋಡೆಯಲ್ಲಿ ಫೋಟೋ ನೇತಾಡುತ್ತಿತ್ತು, ಇನ್ನೊಂದು ಜಾತಿಯ ಫೋಟೋ, ಹಾರ ಹಾಕಿದ್ದು. ಅಲ್ಲಿ ನಾವು ಏನೂ ಹೇಳದೆ ನೀರು ಕುಡಿದು ಬಂದೆವು. ಆಮೇಲೆ ಪ್ರಫುಲ್ಲಾಳಿಗೆ ಏಳಲಾಗದೆ ಆಯಿತು. ತಿರುಗಾಟ ಅಲ್ಲಿಗೆ ನಿಂತಿತು.

ಡಿಸೆಂಬರ್ ಮೂರನೇ ವಾರ ಅವಳು ಹೋದಳು. ಹೆಂಗಸರು ಅವಳಿಗೆ ಹೂ ಮುಡಿಸಿ, ಕುಂಕುಮ ಇಟ್ಟು, ಕರಿಮಣಿಯನ್ನು ಎದೆಯ ಮೇಲೆ ಸಮ ಮಾಡಿದರು. ಮುತ್ತೈದೆ ಸಾವು, ಪುಣ್ಯವಂತೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಉಮಾನಾಥ ಕಂಬಕ್ಕೆ ಒರಗಿ ಅದನ್ನು ಕೇಳುತ್ತಾ ನಿಂತಿದ್ದ. ಈಗ ಅವನು ಯಾರ ಮನೆಗೂ ಹೋಗುವುದಿಲ್ಲ. ಮಾತಾಡುವುದು ನನ್ನೊಬ್ಬನ ಹತ್ತಿರ, ಅದೂ ಕತ್ತಲಾದ ಮೇಲೆ.

ಇಷ್ಟೇ ಆಗಿದ್ದರೆ, ಒಬ್ಬನ ಮನಸ್ಸು ಕೆಟ್ಟು ಏನೇನೋ ಕೇಳಿತು, ಕಂಡಿತು ಅಂತ ನೀವು ಹೇಳಬಹುದು. ನಾನೂ ವಿಜ್ಞಾನ ಓದಿದವನು, ಬೇಡ ಅನ್ನುವುದಿಲ್ಲ.

ಮೊನ್ನೆ ಮಾರ್ಚಿನಲ್ಲಿ ನಾನು ಮೊಣಕಾಲಿನ ಫೋಟೋಕ್ಕೆ ಅದೇ ಸೆಂಟರಿಗೆ ಹೋದೆ. ಈಗ ಅಲ್ಲಿ ಸೌಮ್ಯಶ್ರೀ ಅಂತ ಬ್ರಹ್ಮಾವರದ ಕಡೆಯವಳು ಇದ್ದಾಳೆ. ಚುರುಕು, ನಗುಮುಖ. ಈ ಕತೆ ಅವಳಿಗೆ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಕೆಲಸ ಮಾಡುತ್ತಾ ಅವಳೇ ಮಾತು ತೆಗೆದಳು.

“ಅಂಕಲ್, ನೀವು ಟೆಲಿಫೋನ್‌ನಲ್ಲಿ ಇದ್ದವರಲ್ವಾ, ಸ್ಕ್ರೂ ಗಿಕ್ರೂ ಗೊತ್ತಿರ್ತದೆ. ಈ ಎದೆಯ ಸ್ಟ್ಯಾಂಡ್ ಒಂಚೂರು ನೋಡ್ತೀರಾ?”

ಎದೆಯ ಫೋಟೋಕ್ಕೆ ನಿಂತವರ ಗದ್ದದ ಎತ್ತರಕ್ಕೆ ಆ ಸ್ಟ್ಯಾಂಡನ್ನು ಏರಿಸಿ ಇಳಿಸಿ ಸ್ಕ್ರೂ ಬಿಗಿಯಬೇಕು. ರಾತ್ರಿ ಹೋಗುವಾಗ ಅವಳು ಪೂರ್ತಿ ಮೇಲೆ ಏರಿಸಿ ಬಿಗಿದು ಹೋಗುತ್ತಾಳೆ. ಬೆಳಿಗ್ಗೆ ಬಂದು ನೋಡಿದರೆ ಕೆಳಗಿರುತ್ತದೆ.

“ಸಡ್ಲ ಆಗಿರ್ಬೇಕ್” ಅಂದೆ.

“ಸಡಿಲ ಆದ್ರೆ ಪೂರ್ತಿ ಕೆಳಗೆ ಬೀಳ್ಬೇಕಲ್ವಾ ಅಂಕಲ್? ಇದು ನಡುವೆ ನಿಂತಿರ್ತದೆ. ಬಿಗಿದೇ ಇರ್ತದೆ. ಯಾವಾಗ್ಲೂ ಅದೇ ಜಾಗಗಳಲ್ಲಿ. ನಾನು ಪೆನ್ಸಿಲ್‌ನಲ್ಲಿ ಗೀಟು ಹಾಕಿ ಇಟ್ಟಿದ್ದೇನೆ, ನೋಡಿ.”

ನೋಡಿದೆ. ಸ್ಟ್ಯಾಂಡಿನ ಕಂಬದಲ್ಲಿ ಮೂರು ಗೀಟು ಇತ್ತು. ತೀರಾ ಕೆಳಗಿನದ್ದು ನನ್ನ ಎದೆಯ ಮಟ್ಟಕ್ಕೆ, ಜಲಜೆಯ ಗದ್ದ ಬರುತ್ತಿದ್ದ ಜಾಗ. ತೀರಾ ಮೇಲಿನದ್ದು ನನ್ನ ಗದ್ದಕ್ಕೆ ಸಮ, ಪ್ರಫುಲ್ಲಾ ಎತ್ತರದ ಹೆಂಗಸು. ನಡುವಿನದ್ದು ಯಾರದ್ದೆಂದು ನನಗೆ ತಿಳಿಯಲಿಲ್ಲ. ಸ್ಕ್ರೂ ತಿರುಗಿಸಿ ನೋಡಿದೆ. ಏನೂ ದೋಷವಿರಲಿಲ್ಲ.

ಹೋದ ಸೋಮವಾರ ಫಿಲ್ಮು ತರಲು ಮತ್ತೆ ಹೋಗಿದ್ದೆ. ಸುಳ್ಳು ಹೇಳಿ ನನಗೇನಾಗಬೇಕಾಗಿದೆ... ಐದು ಗೀಟು ಇತ್ತು.